ನೀಲಿ ಕುರಿಯ ಜಾಡು

ಮಿಲ್ಟ್ರಿ ಮಾಮಾ ತೀರಿಕೊಂಡ ಸುದ್ದಿ ಬಂದಾಗ ನಾನು ಒಂಬತ್ತನೆಯ ತರಗತಿಯ ಚಿತ್ರಕಲೆ ಹಾಳೆಗಳಿಗೆ ಅಂಕ ಹಾಕುತ್ತಿದ್ದೆ. ಫೋನು ಮಾಡಿದವರು ನಮ್ಮ ಶಾಲೆಯ ಗುಮಾಸ್ತರು. ಮಧ್ಯಾಹ್ನ ಉಂಡು ಅಂಗಳದ ಬೇವಿನ ಗಿಡದ ಕೆಳಗೆ ಮಲಗಿದ್ದರಂತೆ, ಚಹಾಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ. ಹೌದಾ ಎಂದೆ. ಮಣ್ಣು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಫೋನು ಇಟ್ಟು ಉಳಿದ ಹಾಳೆಗಳನ್ನು ಮುಗಿಸಿಯೇ ಎದ್ದೆ. ಮರುವಾರ ತಿರುಗಿ ನೋಡಿದಾಗ ಒಬ್ಬರಿಗೂ ತಪ್ಪು ಅಂಕ ಬಿದ್ದಿರಲಿಲ್ಲ.

ಮಣ್ಣಿಗೆ ಹೋದೆ, ಎಲ್ಲರ ಹಾಗೆ ಒಂದು ಹಿಡಿ ಮಣ್ಣು ಹಾಕಿದೆ. ಅಳು ಬರಲಿಲ್ಲ. ನಾನು ಸುಲಭಕ್ಕೆ ಅಳುವ ಪೈಕಿ. ಗುರುತಿಲ್ಲದವರ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಸೆರಗು ಒದ್ದೆಯಾಗುತ್ತದೆ. ಇವರಿಗಾಗಿ ಮಾತ್ರ ಒಂದು ಹನಿ ಬರಲಿಲ್ಲ, ಈ ತನಕವೂ ಬಂದಿಲ್ಲ. ದುಃಖವಾಗಿದೆ ಎಂದು ಗೊತ್ತಿದೆ. ಗೊತ್ತಿರುವುದು ಬೇರೆ, ಆಗುವುದು ಬೇರೆ.

ನಮ್ಮದು ಕಾಗವಾಡದ ಕಡೆಯ ಒಂದು ಪ್ರೌಢಶಾಲೆ. ಸುತ್ತ ಕಬ್ಬು. ಬೆಳೆ ಎದ್ದಾಗ ರಸ್ತೆಯಿಂದ ಶಾಲೆ ಕಾಣುವುದಿಲ್ಲ, ಗಂಟೆ ಮಾತ್ರ ಕೇಳುತ್ತದೆ. ಆ ಗಂಟೆ ಹೊಡೆಯುವವರು ಇವರು. ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದು, ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷಕ್ಕೆ ನಮ್ಮಲ್ಲಿ ಸಿಪಾಯಿಯಾಗಿ, ಅಂದರೆ ಶಾಲೆಯ ಜವಾನರಾಗಿ ಸೇರಿದರು. ಮಕ್ಕಳಿಗೆ ಮಿಲ್ಟ್ರಿ ಮಾಮಾ, ನಮಗೆಲ್ಲ ಬರೀ ಮಾಮಾ. ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಊರು ಅಥಣಿ ತಾಲೂಕಿನಲ್ಲಿ, ಕೊಕಟನೂರಿನಿಂದ ತುಸು ಆಚೆ. ಕುರಿ ಕಾಯುವ ಮನೆತನ. ಗಿಡ್ಡ ಆಳು, ಗಟ್ಟಿ ಮೈ, ಎಡಗೈಯ ಕಿರುಬೆರಳು ಅರ್ಧಕ್ಕೆ ಮುಗಿದಿತ್ತು. ಅದನ್ನು ಮಂಜು ತಿಂದಿತು ಎನ್ನುತ್ತಿದ್ದರು. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಕೂತು ಆ ಮಾತು ಕೇಳಿದರೆ ನಂಬುವುದು ಕಷ್ಟ.

ಶಾಲೆ ಬಿಟ್ಟಾಗ ಬೇರೆ ಸಿಪಾಯಿಯಾದರೆ ಗೇಟಿಗೆ ಹೋಗಿ ನಿಲ್ಲುತ್ತಾನೆ. ಇವರು ಕೊನೆಯ ಕೋಣೆಯಿಂದ ಕೊನೆಯ ಹುಡುಗಿ ಹೊರಬಿದ್ದ ಮೇಲೆ ಅವಳ ಹಿಂದೆ ಬರುತ್ತಿದ್ದರು. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತಿತ್ತು. ತುಟಿ ಅಲ್ಲಾಡುತ್ತಿರಲಿಲ್ಲ, ಆದರೆ ಎಣಿಕೆ ನಡೆದಿದೆ ಎಂದು ನಮಗೆಲ್ಲ ಗೊತ್ತು. ಒಮ್ಮೆ ಗೋಕಾಕ ಫಾಲ್ಸಿಗೆ ಪ್ರವಾಸ ಹೋಗಿದ್ದೆವು. ಮುಖ್ಯೋಪಾಧ್ಯಾಯರು ಇವರಿಗೆ, ನೀವು ಮಿಲ್ಟ್ರಿ ಮನುಷ್ಯರು, ಮುಂದೆ ನಡೆಯಿರಿ, ಮಕ್ಕಳು ನಿಮ್ಮ ಹಿಂದೆ ಬರಲಿ ಎಂದರು. ಇವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮುಂದೆ ನಡೆದವನಿಗೆ ಹಿಂದಿನದು ಕಾಣುವುದಿಲ್ಲ, ಕುರುಬ ಹಿಂದೆಯೇ ಇರಬೇಕು ಎಂದು ವಾದ. ಹಾಗಾದರೆ ನಮ್ಮ ಮಕ್ಕಳು ಕುರಿಗಳೋ ಎಂದು ಸಾಹೇಬರು ನಕ್ಕರು. ಇವರು ನಗಲಿಲ್ಲ. ನೀರು ಬೀಳುವ ಕಡೆ ಮಕ್ಕಳೆಲ್ಲ ಕಟಾಂಜನಕ್ಕೆ ಜೋತುಬಿದ್ದು ಕಿರುಚಾಡುವಾಗ ಇವರು ನಲವತ್ತು ಹೆಜ್ಜೆ ಹಿಂದೆ ನಿಂತು ಬಂಡೆಯನ್ನಷ್ಟೇ ನೋಡುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ನಮ್ಮ ಗಂಡಸು ಮಾಸ್ತರರಿಗೆಲ್ಲ ಒಂದೇ ಆಸೆ, ಇವರ ಬಾಯಿಂದ ಫೈರಿಂಗ್ ಕಥೆ ಕೇಳಬೇಕು. ಚಹಾ ತಂದಿಟ್ಟಾಗ ಕೂಡಿಸಿ, ಎಷ್ಟು ಮಂದಿಯನ್ನು ಹೊಡೆದಿರಿ ಮಾಮಾ ಎಂದು ಕೇಳುವರು. ಇವರು ಹೇಳುತ್ತಿದ್ದುದು ಮೇಯುವ ಪ್ರಾಣಿಗಳ ಕಥೆ. ಗಿಡವೇ ಬೆಳೆಯದ ಎತ್ತರ, ಮರ ಇಲ್ಲ, ಪೊದೆ ಇಲ್ಲ, ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ ಗೇಣುದ್ದ ಹುಲ್ಲು. ಆ ಹುಲ್ಲಿಗೆ ಕಾಡುಕತ್ತೆಗಳು ಬರುತ್ತವೆ. ಮಿಲ್ಟ್ರಿ ಟ್ರಕ್ಕು ಕಂಡರೆ ಪಂದ್ಯ ಕಟ್ಟಿದ ಹಾಗೆ ಪಕ್ಕದಲ್ಲಿ ಓಡುತ್ತವೆ, ಮುಂದೆ ದಾಟಿ ಹೋಗಿ ನಿಂತು ತಿರುಗಿ ನೋಡುತ್ತವೆ. ಗೆದ್ದದ್ದು ಯಾರು ಎಂದು ನಮಗೆ ತಿಳಿಯಲಿ ಅಂತ ಎನ್ನುತ್ತಿದ್ದರು. ಆಮೇಲೆ ನೀಲಿ ಕುರಿ. ಕುರಿ ಎಲ್ಲಾದರೂ ನೀಲಿ ಇರುತ್ತದೆಯೇ ಎಂದು ವಿಜ್ಞಾನದ ಮಾಸ್ತರರು ಕಾಲೆಳೆಯುತ್ತಿದ್ದರು. ಹಿಮಾಲಯಕ್ಕೆ ಹೋದರೂ ಕುರುಬನಿಗೆ ಕುರಿಯೇ ಕಂಡಿತು ನೋಡ್ರಿ ಎಂದು ನಗು. ನೀಲಿ ಅಂದರೆ ಶಾಯಿಯ ನೀಲಿ ಅಲ್ಲ, ಮಕ್ಕಳು ಬರೆಯುವ ಪಾಟಿಯ ಬಣ್ಣ, ಪಾಟಿ ಮೇಲೆ ಬೂದಿ ಉಜ್ಜಿದಂತೆ ಎಂದು ಇವರು ನಿಧಾನಕ್ಕೆ ತಿಳಿಸಿ ಹೇಳುವರು. ಬಂಡೆ ನಡುವೆ ನಿಂತರೆ ಎದುರಿಗಿದ್ದರೂ ಕಾಣುವುದಿಲ್ಲ. ಒಂದು ತಲೆ ಎತ್ತಿದಾಗಷ್ಟೇ, ಓಹೋ ಇಲ್ಲಿ ಇಪ್ಪತ್ತು ಇವೆ ಎಂದು ಗೊತ್ತಾಗುತ್ತದೆ.

"ಮೇಯೂ ಪ್ರಾಣಿ ತಲಿ ಎತ್ತಿ ನಮ್ಮನ್ನ ನೋಡ್ತಂದ್ರ, ನಾವು ಏನೋ ತಪ್ಪ ಮಾಡೀವಿ ಅಂತನ್ರಿ" ಎನ್ನುವುದು ಅವರ ಮಾತು. ಬರೆಯುವ ಮಕ್ಕಳು ತಲೆ ಎತ್ತಬಾರದೆಂದು ಪರೀಕ್ಷೆಯ ಕೋಣೆಯಲ್ಲಿ ಚಪ್ಪಲಿ ಬಿಟ್ಟು ನಡೆಯುತ್ತಿದ್ದ ಸಿಪಾಯಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ದಿನ ನನ್ನ ಚಿತ್ರಕಲೆ ಕೋಣೆಯ ಬಾಗಿಲಿಗೆ ಬಂದು ನಿಂತರು. ನೀಲಿ ಕುರಿಯದೊಂದು ಚಿತ್ರ ಬರೆದುಕೊಡಬೇಕು ಎಂದರು. ಮಾಮಾನಿಗೆ ಮನೆಯಲ್ಲಿ ತೂಗುಹಾಕುವ ಆಸೆ ಎಂದುಕೊಂಡೆ. ಗ್ರಂಥಾಲಯದ ಪ್ರಾಣಿಗಳ ಪುಸ್ತಕದಲ್ಲಿ ಭರಲ್ ಎಂಬ ಹೆಸರಿನಲ್ಲಿ ಅದರ ಬಣ್ಣದ ಚಿತ್ರ ಸಿಕ್ಕಿತು. ನೋಡಿ ಬರೆದೆ. ಪಾಟಿ ಬಣ್ಣದ ಮೈ, ಪಕ್ಕೆಗೆ ಕಪ್ಪು ಪಟ್ಟಿ, ಬಿಳಿ ಹೊಟ್ಟೆ, ಎರಡೂ ಕಡೆ ಚಾಚಿ ಹಿಂದಕ್ಕೆ ಬಾಗಿದ ದಪ್ಪ ಕೊಂಬು. ನನಗಂತೂ ಚೆನ್ನಾಗಿಯೇ ಕಂಡಿತು. ಇವರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಕಾಲು ಸರಿಯಿಲ್ಲ, ಇನ್ನಷ್ಟು ಕುರಿ ಹಂಗ ಮಾಡ್ರಿ ಎಂದರು. ಎರಡನೆಯದು ಬರೆದೆ. ಮುಖ ಇನ್ನಷ್ಟು ದುಂಡಗೆ ಬೇಕು ಎಂದರು. ಮೂರನೆಯದಕ್ಕೂ ತಲೆಯಾಡಿಸಿದಾಗ ನನಗೆ ರೇಗಿತು. ಪುಸ್ತಕ ತೆಗೆದು ಮುಂದಿಟ್ಟು, ಇದರಲ್ಲಿ ಇದ್ದ ಹಾಗೆ ತಾನೇ ಬರೆದಿದ್ದೇನೆ, ದೇವರು ಹೀಗೆ ಮಾಡಿದ್ದಕ್ಕೆ ನಾನೇನು ಮಾಡಲಿ ಎಂದೆ.

"ಪುಸ್ತಕದಾಗ ಇರೂದು ಖರೇ ಐತ್ರಿ ಅಕ್ಕೋರ" ಎಂದರು. "ಆದ್ರ ನೋಡಿದವ್ರಿಗೆ ಅದು ಕುರಿ ಅಂತನ ಅನಸ್ಬೇಕ್ರಿ. ನನಗ ಹಂಗ ಅನಸಿತ್ತು."

ಆಗ ಕೂಡಿಸಿ ಕೇಳಿದೆ, ಯಾರಿಗೆ ತೋರಿಸುವುದಿದೆ ಎಂದು. ಅವತ್ತು ಹೇಳಿದರು. ಬೆಂಚಿನ ತುದಿಗೆ ಕೂತು, ಗಂಟೆಯ ಕಡೆ ಒಂದು ಕಣ್ಣು ಇಟ್ಟುಕೊಂಡೇ ಹೇಳಿದರು.

ಮಿಲ್ಟ್ರಿಯಲ್ಲಿ ನಿಪ್ಪಾಣಿಯ ಒಬ್ಬ ಹುಡುಗ ಇವರ ಜೊತೆಗಿದ್ದ. ಮನೆಮಾತು ಮರಾಠಿ, ಕನ್ನಡವೂ ಬರುತ್ತಿತ್ತು. ಅಷ್ಟು ದೂರದಲ್ಲಿ ನಿಪ್ಪಾಣಿಯವನು ಅಥಣಿಯವನಿಗೆ ಒಡಹುಟ್ಟಿದವನ ಸಮ. ಮದುವೆಯಾಗಿ ಎರಡು ವರ್ಷವಾಗಿತ್ತು. ಇಬ್ಬರೂ ಮೇಲಿನ ಪೋಸ್ಟಿನಿಂದ ಕೆಳಗಿನದಕ್ಕೆ ಇಳಿಯುತ್ತಿದ್ದಾಗ ಮಂಜು ಕವಿಯಿತು. ಚಾಚಿದ ಕೈ ಕಾಣದಷ್ಟು. ಕಾಲುದಾರಿ ಮುಚ್ಚಿಹೋಯಿತು. ಆಗ ಹಿಮದ ಮೇಲೆ ನೀಲಿ ಕುರಿಗಳು ಸಾಲಾಗಿ ಹೋದ ಜಾಡು ಸಿಕ್ಕಿತು. ಆಗಷ್ಟೇ ಹೋಗಿದ್ದವು, ಹಿಕ್ಕೆ ಇನ್ನೂ ಬೆಚ್ಚಗಿತ್ತು. ಇವರಿಗೆ ಜೀವ ಬಂದಂತಾಯಿತು. ಕುರಿ ಕಾಲಿಟ್ಟಲ್ಲಿ ಮನುಷ್ಯ ಕಾಲಿಡಬಹುದು, ದಾರಿ ತಪ್ಪಿದರೆ ಕುರಿಯ ಹಿಂದೆ ಹೋಗು ಎಂದು ಇವರ ಅಪ್ಪ ಕಲಿಸಿದ್ದ. ಹಳ್ಳ ಬಂದು ದಾರಿ ಕೊಚ್ಚಿಹೋದಾಗ, ಧೂಳು ಎದ್ದು ಹಗಲು ಕತ್ತಲಾದಾಗ ಇವರ ಮನೆಯವರು ಹಾಗೆಯೇ ಬದುಕಿಕೊಂಡು ಬಂದಿದ್ದರು.

"ಊರ ಮಂದಿ ಕುರಿ ಹಳ್ಳಕ್ಕ ಬಿತ್ತು ಅಂತ ನಗ್ತಾರ. ಅದು ಕುರಿ ಕಾಯದ ಮಂದಿ ಮಾತ್ರಿ. ಆಡು ಆಗಿದ್ರ ನಾ ಒಂದ ಹೆಜ್ಜಿ ಇಡ್ತಿರ್ಲಿಲ್ಲ. ಆಡು ಗ್ವಾಡಿ ಏರತೈತಿ, ಆಡಿನ ಹಿಂದ ಯಾವ ಕುರುಬನೂ ಹೋಗೂದಿಲ್ಲ."

ಜಾಡು ಹುಲ್ಲಿನ ಇಳಿಜಾರು ಬಿಟ್ಟು ಒಂದು ಕಡಿಬಂಡೆಯ ಅಂಚಿಗೆ ತಿರುಗಿತ್ತು. ಗೇಣಗಲದ ಅಂಚು. ಅಲ್ಲಿ ಗೆಳೆಯನ ಕಾಲು ಜಾರಿತು. ಕೂಗು ಕೂಡ ಪೂರ್ತಿ ಕೇಳಲಿಲ್ಲವಂತೆ. ಎರಡು ದಿನ ಬಿಟ್ಟು ಹೆಣ ಸಿಕ್ಕಿತು. ಅಲ್ಲಿಯ ಕುರಿಗಾಹಿ ಮುದುಕನೊಬ್ಬ ಆಮೇಲೆ ಇವರಿಗೆ ಹೇಳಿದನಂತೆ, ಅದಕ್ಕೆ ಕುರಿಯೆಂಬ ಹೆಸರು ಬಂದದ್ದೇ ತಪ್ಪು, ಅದರ ನಡೆ ಎಲ್ಲ ಆಡಿನದು, ಹೆದರಿದರೆ ಹುಲ್ಲು ಬಿಟ್ಟು ಬಂಡೆಗೆ ಓಡುತ್ತದೆ ಎಂದು. ಅವತ್ತು ಹೆದರಿಸಿದವರು ಇವರಿಬ್ಬರೇ.

ಗೆಳೆಯನ ಮನೆಯವರಿಗೆ ಹೋದ ಕಾಗದದಲ್ಲಿ ಕರ್ತವ್ಯದ ಮೇಲಿದ್ದಾಗ ಕಾಲು ಜಾರಿ ಎಂದಿತ್ತು. ಅದು ಸುಳ್ಳಲ್ಲ. ಅವನ ಟ್ರಂಕನ್ನು ನಿಪ್ಪಾಣಿಗೆ ಒಯ್ದು ಮುಟ್ಟಿಸಿದವರು ಇವರೇ. ಅಂದಿನಿಂದ ಪ್ರತಿ ವರ್ಷ ದೀಪಾವಳಿ ರಜೆಯಲ್ಲಿ ಅರ್ಧ ಚೀಲ ಜೋಳ ಹೊತ್ತು ಆ ಮನೆಗೆ ಹೋಗುತ್ತಾರೆ. ಹೆಂಡತಿ ಮತ್ತು ಒಬ್ಬ ಮಗಳು. ಹೇಳಬೇಕು ಎಂದು ಹೋಗುತ್ತಾರೆ, ಚಹಾ ಕುಡಿದು, ಬರುವ ವರ್ಷ ಬರುತ್ತೇನೆ ಎಂದು ಎದ್ದು ಬರುತ್ತಾರೆ. ಬರೀ ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಕುರುಬನಿಗೆ ಕುರಿ ಯಾವುದು ಆಡು ಯಾವುದು ತಿಳಿಯಲಿಲ್ಲವೇ ಎಂದು ಕೇಳಿದರೆ ಏನು ಹೇಳಲಿ ಎನ್ನುವುದು ಇವರ ಚಿಂತೆ. ಚಿತ್ರ ನೋಡಿ ಆಕೆಯೂ ಒಮ್ಮೆ ಅದನ್ನು ಕುರಿ ಎಂದರೆ ಸಾಕಾಗಿತ್ತು.

ನಾಲ್ಕನೆಯ ಚಿತ್ರ ಬರೆದೆ. ಮುಖ ದುಂಡಗೆ ಮಾಡಿದೆ, ಕುತ್ತಿಗೆಗೆ ಉಣ್ಣೆ ಹೆಚ್ಚಿಸಿದೆ. ಕಾಲಿಗೆ ಬಂದಾಗ ಕೈ ತಾನಾಗಿ ಪುಸ್ತಕದ ಹಾಗೆಯೇ ಬರೆಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ಕಂಡದ್ದು ಬರೆಯಿರಿ ಎಂದು ಬೈದು ಬೈದು ಬಂದ ರೂಢಿ ಅದು. ಇವರು ನೋಡಿ, ಆತ್ರಿ ಎಂದಷ್ಟೇ ಅಂದರು. ಒಪ್ಪಿಗೆಯಾಗಿ ಅಂದರೋ ಸಾಕಾಗಿ ಅಂದರೋ ನಾನು ಕೇಳಲಿಲ್ಲ.

ಆ ದೀಪಾವಳಿ ಸೂಟಿಗೆ ನನ್ನನ್ನೂ ಕರೆದರು. ನನ್ನ ತವರು ಚಿಕ್ಕೋಡಿ, ನಿಪ್ಪಾಣಿಯ ದಾರಿಯಲ್ಲೇ. ಹೆಣ್ಣುಮಕ್ಕಳು ಒಬ್ಬರು ಕೂತಿದ್ದರೆ ಮಾತು ಬರುತ್ತದೆ ಎಂದರು. ಅಂಕಲಿ ದಾಟಿ ಚಿಕ್ಕೋಡಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ನಿಪ್ಪಾಣಿಗೆ ಹೋದೆವು. ಜೋಳದ ಚೀಲ ಅವರ ಕಾಲ ನಡುವೆ, ಸುರುಳಿ ಸುತ್ತಿದ ಚಿತ್ರ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಬಸ್ಸಿನ ಟಾಯರು ಸವೆದಿರುವ ಬಗ್ಗೆ ಮಾತ್ರ.

ಒಂದೇ ಕೋಣೆಯ ಮನೆ. ತಂಬಾಕಿನ ಘಾಟು ಬಾಗಿಲಿಗೇ ಬಂದು ಮುಖಕ್ಕೆ ಹೊಡೆಯಿತು. ಆಕೆ ಗೋಡೆಗೆ ಒರಗಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಮಗಿಂತ ಸಣ್ಣವರು, ಆದರೆ ಬೆನ್ನು ಬಾಗಿತ್ತು. ಭಾವುಜಿ ಯಾ, ಬರ್ರಿ ಎಂದು ಇವರನ್ನೂ ನನ್ನನ್ನೂ ಕರೆದರು. ಆಕೆಗೆ ಇವರು ಭಾವುಜಿ, ಗಂಡನ ಒಡಹುಟ್ಟಿದವರ ಲೆಕ್ಕ, ಇವರಿಗೆ ಆಕೆ ವಹಿನಿ, ಅತ್ತಿಗೆ. ನನಗೆ ಇದ್ದ ಒಂದು ಕುರ್ಚಿ ಕೊಟ್ಟರು. ಇವರು ಚಾಪೆಯ ಮೇಲೆ ಕೂತರು. ಮಗಳು ಶಾಲೆಯ ಗೆಳತಿಯರ ಜೊತೆ ಹೊರಗೆ ಹೋಗಿದ್ದಳು. ಚಹಾ ಬಂತು, ಕುಡಿದೆವು. ಇನ್ನೇನು ಇವರು ಎಂದಿನಂತೆ ಎದ್ದುಬಿಡುತ್ತಾರೆ ಎಂದು ನನಗೆ ಅನ್ನಿಸಿತು. ಸುರುಳಿ ಬಿಚ್ಚಿ ಮುಂದೆ ಹಿಡಿದವಳು ನಾನೇ.

ಇವರು ಹೇಳತೊಡಗಿದರು. ಅರ್ಧ ಮರಾಠಿ, ಅರ್ಧ ಕನ್ನಡ. ನನಗೆ ಹೇಳಿದ್ದನ್ನೇ ಹೇಳಿದರು, ಮಂಜು, ಜಾಡು, ಅಪ್ಪ ಕಲಿಸಿದ ಮಾತು, ಬಂಡೆಯ ಅಂಚು. ಆಕೆಯ ಕೈ ನಿಲ್ಲಲಿಲ್ಲ. ಎಲೆ, ತಂಬಾಕು, ಸುರುಳಿ, ದಾರ. ಕಣ್ಣು ಮಾತ್ರ ಚಿತ್ರದ ಮೇಲಿತ್ತು.

"ಇದು ಶೇಳಿ ಅಲ್ಲಾ ಭಾವುಜಿ?" ಎಂದರು.

ಶೇಳಿ ಎಂದರೆ ಮರಾಠಿಯಲ್ಲಿ ಆಡು. ಬೀಡಿ ಕಟ್ಟುವ ಹೆಂಗಸು, ಕುರಿ ಕಾಯ್ದವಳಲ್ಲ, ಹಿಮ ಕಂಡವಳಲ್ಲ, ಒಂದೇ ನೋಟಕ್ಕೆ ಹೇಳಿದಳು.  ತಪ್ಪು ನನ್ನದು, ಕಾಲು ನಾನು ಸರಿ ಬರೆಯಲಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. 

ಆಕೆ ಮತ್ತೆ ಕೇಳಿದರು. "ಮುಂದ ಯಾರ ಇದ್ರಿ?"

ಈ ಪ್ರಶ್ನೆ ನಾನು ಕೇಳಿರಲಿಲ್ಲ. ಇಬ್ಬರೂ ಹೋದರು, ಒಬ್ಬನ ಕಾಲು ಜಾರಿತು ಎಂದಷ್ಟೇ ನನ್ನ ತಲೆಯಲ್ಲಿ ಕೂತಿತ್ತು. ಇವರು ಚಾಪೆಯ ಕಡ್ಡಿಯನ್ನು ಉಗುರಿನಿಂದ ಕೆರೆದರು.

"ಅವ ಇದ್ದ ವಹಿನಿ" ಎಂದರು. "ನಾನ ಮುಂದ ಕಳಿಸಿದ್ನಿ. ನೀ ನಡಿ, ನಾ ಹಿಂದ ಬರ್ತೀನಿ ಅಂದ್ನಿ. ನಾವು ಹಿಂದ ನಡಿಯೂ ಮಂದಿ."

ಆಕೆಯ ಕೈ ಆಗ ನಿಂತಿತು. ಮೊರದಲ್ಲಿದ್ದ ಅರ್ಧ ಸುತ್ತಿದ ಬೀಡಿಯನ್ನು ನೋಡುತ್ತ ಕೂತರು. ಆಮೇಲೆ ಅದನ್ನು ಪೂರ್ತಿ ಸುತ್ತಿ, ದಾರ ಕಟ್ಟಿ, ತುದಿ ಮಡಚಿ ಉಳಿದವುಗಳ ಜೊತೆ ಇಟ್ಟರು. ಅಳಲಿಲ್ಲ, ದನಿ ಏರಿಸಲಿಲ್ಲ. ಇವರ ಮುಖ ನೋಡದೆ, "ಭಾವುಜಿ, ಆತಾ ಯೇಊ ನಕಾ" ಎಂದರು. ಇನ್ನು ಬರಬೇಡಿ ಎಂದು. ಬಹುವಚನ ಮಾತ್ರ ಬಿಡಲಿಲ್ಲ.

ಹೂಂ ಎಂದು ಇವರು ಎದ್ದರು. ಚಿತ್ರ ಅಲ್ಲೇ ಉಳಿಯಿತು, ಜೋಳವೂ ಉಳಿಯಿತು. ತಿರುಗಿ ಬರುವ ಬಸ್ಸಿನಲ್ಲಿ ಇವರು ಕಿಟಕಿಯ ಸರಳಿಗೆ ತಲೆ ಕೊಟ್ಟು ನಿದ್ದೆ ಹೋದರು. ನಿಪ್ಪಾಣಿಯಿಂದ ಚಿಕ್ಕೋಡಿಯವರೆಗೆ ಒಮ್ಮೆಯೂ ಎಚ್ಚರಾಗಲಿಲ್ಲ. ಅವರು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೇಳಿ ಹಗುರಾದರು ಎಂದುಕೊಂಡೆ. ಕೆಲಸ ಮುಗಿಯಿತು ಎಂದೂ ಅಂದುಕೊಂಡೆ. ತಿಳಿದವಳು ನಾನು, ಓದಿದವಳು.

ಅಲ್ಲಿಂದ ಮುಂದೆ ಸ್ಟಾಫ್ ರೂಮಿನಲ್ಲಿ ಕಾಡುಕತ್ತೆಯ ಕಥೆಯೂ ನಿಂತಿತು. ಗಂಟೆ ಮಾತ್ರ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು. ಏನು ಮಾಮಾ, ನೀಲಿ ಕುರಿ ಎಲ್ಲಿ ಹೋದವು ಎಂದು ವಿಜ್ಞಾನದ ಮಾಸ್ತರರು ಕೆಣಕಿದರೆ, ಮೇಯಾಕ ಹೋಗ್ಯಾವ್ರಿ ಎಂದು ಚಹಾದ ಕಪ್ಪು ಬಸಿ ಎತ್ತಿಕೊಂಡು ಹೋಗುತ್ತಿದ್ದರು.

ಮರುವರ್ಷ ದೀಪಾವಳಿ ಸೂಟಿಗೆ ಮೊದಲು ನನ್ನ ಕೋಣೆಗೆ ಬಂದರು. ನಾನು ಮಕ್ಕಳ ಚಿತ್ರಗಳನ್ನು ಪ್ರದರ್ಶನಕ್ಕೆಂದು ರಟ್ಟಿಗೆ ಅಂಟಿಸುತ್ತಿದ್ದೆ, ಕೈಯೆಲ್ಲ ಅಂಟು. "ಈ ಸಲ ಹೋಗ್ಲೇನ್ರಿ ಅಕ್ಕೋರ, ನಿಪ್ಪಾಣಿಗೆ?" ಎಂದರು. ನಾನು ತಲೆ ಎತ್ತದೆ, "ಬರಬ್ಯಾಡ ಅಂದಾರಲ್ರಿ ಮಾಮಾ, ಮತ್ಯಾಕ ಅವರ ಮನಸ್ಸಿಗೆ ತ್ರಾಸು?" ಎಂದೆ. ಹೌದ್ರಿ, ಅದೂ ಖರೇ ಎಂದು ಹೋದರು. ಅದರ ಮುಂದಿನ ವರ್ಷವೂ ಬಾಗಿಲಿಗೆ ಬಂದು ಅದನ್ನೇ ಕೇಳಿದರು. ನಾನೂ ಅದನ್ನೇ ಹೇಳಿದೆ. ಮೂರನೆಯ ವರ್ಷ ಬರಲಿಲ್ಲ. ಬಾರದ್ದು ನನ್ನ ಗಮನಕ್ಕೂ ಬರಲಿಲ್ಲ. ಸಾಹೇಬರಾಗಲಿ, ಪಾಠ ಹೇಳುವ ಅಕ್ಕೋರಾಗಲಿ, ಯಾರು ಏನೆಂದರೂ ಅದನ್ನು ಆರ್ಡರ್ ಎಂದೇ ತಿಳಿಯುವ ಮನುಷ್ಯ ಎಂದು ಗೊತ್ತಿದ್ದೂ ನಾನು ಹಾಗೆ ಹೇಳಿದ್ದೆ. ಆಮೇಲೆ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದೆವು. ಫೋಟೊ ತೆಗೆಯುವಾಗ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರೂ ಹಿಂದಿನ ಸಾಲಿಗೆ ಹೋಗಿ ನಿಂತರು. ಒತ್ತಾಯ ಮಾಡಿ ಎಳೆದು ತಂದು ಕೂರಿಸಬೇಕಾಯಿತು. ಅದಾದ ಮೂರನೆಯ ವರ್ಷಕ್ಕೆ ಗುಮಾಸ್ತರ ಫೋನು ಬಂತು.

ಅವರ ಮನೆಯಲ್ಲಿ ನಿಪ್ಪಾಣಿಯ ವಿಷಯ ಯಾರಿಗೂ ತಿಳಿದಿರಲಿಲ್ಲ. ಹೇಳುವವರು ಯಾರೂ ಇಲ್ಲ ಎಂದು, ಸೂತಕದ ದಿನಗಳೆಲ್ಲ ಮುಗಿದ ಮೇಲೆ ಒಂದು ರವಿವಾರ ನಾನೇ ನಿಪ್ಪಾಣಿಗೆ ಹೋದೆ. ಮನೆ ಅದೇ. ಆಕೆಗೆ ಕೆಮ್ಮು ಹತ್ತಿ ಬೀಡಿ ಕಟ್ಟುವುದನ್ನು ಬಿಟ್ಟಿದ್ದರು. ಮಗಳ ಮದುವೆಯಾಗಿತ್ತು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಕೂಡಲೇ ನನ್ನ ಹೆಗಲ ಮೇಲಿಂದ ಬಾಗಿಲಾಚೆ ನೋಡಿದರು, ಹಿಂದೆ ಇನ್ನೊಬ್ಬರು ಬರುತ್ತಿದ್ದಾರೇನೋ ಎಂಬಂತೆ.

ಸುದ್ದಿ ಹೇಳಿದೆ. ಬೇವಿನ ಗಿಡ, ಮಧ್ಯಾಹ್ನದ ನಿದ್ದೆ, ನರಳಲಿಲ್ಲ ಎಂದು ಹೇಳಿದೆ. ಆಕೆ ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ಕೂತರು.

"ಸಿಟ್ಟಿನ್ಯಾಗ ಅಂದಿದ್ನಿ ಅಕ್ಕೋರ" ಎಂದರು. "ಗಂಡನ್ನ ಕಳಕೊಂಡಾಕಿ, ಅಷ್ಟೂ ಅನಬಾರ್ದಾ? ಬರೂ ವರ್ಷ ಬರ್ತಾರ, ಆಗ ಕುಂಡ್ರಿಸಿ ಮಾತಾಡೂನು ಅಂತ ಮಾಡಿದ್ನಿ. ಬರಬ್ಯಾಡ್ರಿ ಅಂದ್ರ ಖರೇನ ಬರಲಿಲ್ಲ ನೋಡ್ರಿ ಅವರು. ಒಂದ ಸಲಾನೂ ಬರಲಿಲ್ಲ."

ಬರಬೇಕೆಂದು ಎರಡು ಸಲ ಬಂದು ನನ್ನನ್ನು ಕೇಳಿದ್ದರು, ಬೇಡವೆಂದವಳು ನಾನು ಎಂದು ಹೇಳಬೇಕಿತ್ತು. ಸುದ್ದಿಯ ಜೊತೆಗೆ ಅದನ್ನೂ ಹೇಳಲೆಂದೇ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಅಷ್ಟು ದೂರ ಹೋಗಿದ್ದೆ. ಆಕೆ ಎದ್ದು ಚಹಾ ಮಾಡಿ ತಂದರು. ಕುಡಿದೆ. ಕಪ್ಪು ಬಸಿ ಕೆಳಗಿಟ್ಟು, ಬರುವ ದೀಪಾವಳಿ ಸೂಟಿಗೆ ಮತ್ತೆ ಬರುತ್ತೇನೆ ಎಂದು ಎದ್ದು ಬಂದೆ.